ಉಣ್ಣೆಯ ದಾರಿ ಹಿಡಿದು ಕಾಟ್ಸ್‌ವೋಲ್ಡ್ಸ್ ಹಳ್ಳಿಗಳಲ್ಲಿ ಮೂರು ದಿನ

ಪ್ರಶ್ನೆ: ಬರುವ ಜೂನ್ ತಿಂಗಳಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತು ದಾಟಿದ ನನ್ನ ತಂದೆ-ತಾಯಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಬಾಡಿಗೆ ಕಾರು ತೆಗೆದುಕೊಂಡು ಮೂರು ದಿನ ಕಾಟ್ಸ್‌ವೋಲ್ಡ್ಸ್ ಪ್ರದೇಶದ ಹಳೆಯ ಹಳ್ಳಿಗಳನ್ನು ನೋಡಬೇಕೆಂಬ ಆಸೆಯಿದೆ. ವಿಡಿಯೊಗಳನ್ನು ನೋಡಿ ಹದಿನಾಲ್ಕು ಊರುಗಳ ಪಟ್ಟಿ ಮಾಡಿಕೊಂಡಿದ್ದೇನೆ. ಇಷ್ಟನ್ನೂ ಮೂರು ದಿನಗಳಲ್ಲಿ ನೋಡಬಹುದೇ? ಮೈಸೂರಿನಲ್ಲಿ ಪಡೆದ ಡಿಎಲ್ ಅಲ್ಲಿ ಸಾಕಾಗುತ್ತದೆಯೇ? ನಾವೆಲ್ಲ ಸಸ್ಯಾಹಾರಿಗಳು, ಊಟಕ್ಕೆ ತೊಂದರೆಯಾದೀತೇ?

ಉತ್ತರ: ಹದಿನಾಲ್ಕು ಊರುಗಳನ್ನೂ ಮೂರು ದಿನಗಳಲ್ಲಿ ಮುಟ್ಟಿ ಬರಬಹುದು, ಆದರೆ ನೋಡಿ ಬರಲಾಗದು. ಇಡೀ ಪ್ರದೇಶದ ವಿಸ್ತಾರ ಸುಮಾರು 2,000 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಕಡಿಮೆಯೇ. ಹೀಗಾಗಿ ತೊಂದರೆಯಿರುವುದು ದೂರದಲ್ಲಲ್ಲ. ಜೇನುಬಣ್ಣದ ಕಲ್ಲಿನ ಗೋಡೆ, ಕಡಿದಾದ ಮಾಡು, ಬಾಗಿಲ ಮೇಲೆ ಹಬ್ಬಿದ ಗುಲಾಬಿ ಬಳ್ಳಿ, ಪಕ್ಕದಲ್ಲೊಂದು ಸಣ್ಣ ಹೊಳೆ ಎಂಬ ಇದೇ ನೋಟ ಊರಿಂದೂರಿಗೆ ಮರುಕಳಿಸುವುದರಿಂದ ಐದನೆಯ ಊರಿಗೆ ಬರುವಷ್ಟರಲ್ಲಿ ನಿಮ್ಮ ತಂದೆ-ತಾಯಿ ಕಾರಿನಿಂದ ಇಳಿಯಲು ಒಪ್ಪಲಾರರು. ಆದ್ದರಿಂದ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಊರುಗಳನ್ನು ಒಂದು ಕಥೆಯ ಕ್ರಮದಲ್ಲಿ ಜೋಡಿಸಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಈ ಪ್ರದೇಶದ ಮಟ್ಟಿಗೆ ಆ ಕಥೆ ಉಣ್ಣೆಯದು.

ಹದಿಮೂರರಿಂದ ಹದಿನೈದನೆಯ ಶತಮಾನದವರೆಗೆ ಇಂಗ್ಲೆಂಡಿನ ಸಂಪತ್ತಿನ ದೊಡ್ಡ ಪಾಲು ಕುರಿಯ ಬೆನ್ನಿನ ಮೇಲಿತ್ತು. ಬ್ರಿಟನ್ ಸಂಸತ್ತಿನ ಮೇಲ್ಮನೆಯ ಸಭಾಧ್ಯಕ್ಷರು ಇಂದಿಗೂ ಉಣ್ಣೆ ತುಂಬಿದ ಕೆಂಪು ಆಸನದ ಮೇಲೆ ಕುಳಿತುಕೊಳ್ಳುವುದು ಆ ಕಾಲದ ನೆನಪಿಗಾಗಿಯೇ. ತೆಳುಮಣ್ಣಿನ ಈ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೇಸಾಯಕ್ಕಿಂತ ಕುರಿ ಮೇಯಿಸುವುದೇ ಲಾಭದಾಯಕವಾಗಿತ್ತು. ಉದ್ದ ಎಳೆಯ ಇಲ್ಲಿನ ಉಣ್ಣೆಗಾಗಿ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ ಭಾಗ) ಮತ್ತು ಇಟಲಿಯ ನೇಕಾರರು ಕಾದಿರುತ್ತಿದ್ದರು. ಆ ಹಣದಿಂದ ಇಲ್ಲಿನ ವ್ಯಾಪಾರಿಗಳು ಮನೆ ಕಟ್ಟಿದರು, ಊರಿನ ಅಳತೆಗೆ ಮೀರಿದ ಚರ್ಚುಗಳನ್ನು ಕಟ್ಟಿಸಿದರು. ಮುಂದೆ ಬಟ್ಟೆ ನೇಯುವ ಕಸುಬು ಹೆಚ್ಚು ನೀರಿನ ರಭಸವಿದ್ದ ಸ್ಟ್ರೌಡ್ ಕಣಿವೆಗಳಲ್ಲಿ ನೆಲೆಗೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರ್ಕ್‌ಷೈರಿನ ಉಗಿಯಂತ್ರದ ಗಿರಣಿಗಳು ಅದನ್ನೂ ಹಿಂದೆ ಹಾಕಿದವು. ಹಣ ಬಂದಾಗ ಕಟ್ಟಿದ್ದನ್ನು, ಹಣ ಹೋದ ಮೇಲೆ ಕೆಡವಿ ಹೊಸದಾಗಿ ಕಟ್ಟುವುದು ಯಾರ ಕೈಯಲ್ಲೂ ಆಗಲಿಲ್ಲ. ನೀವು ವಿಡಿಯೊಗಳಲ್ಲಿ ಕಂಡ ಚೆಲುವಿನ ಹಿಂದಿರುವುದು ಈ ಬಡತನ. ಇದನ್ನು ತಿಳಿದು ಹೋದರೆ ಒಂದು ಊರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಾನಾಗಿ ಕಾಣತೊಡಗುತ್ತದೆ.

ಇನ್ನು ಡಿಎಲ್ ವಿಚಾರ. ಪ್ರವಾಸಿಯಾಗಿ ಹೋದವರು ಚಾಲ್ತಿಯಲ್ಲಿರುವ ಭಾರತದ ಪರವಾನಗಿಯಿಂದಲೇ ಅಲ್ಲಿ ಹನ್ನೆರಡು ತಿಂಗಳವರೆಗೆ ಕಾರು ಓಡಿಸಬಹುದು. ಕರ್ನಾಟಕದ ಕಾರ್ಡಿನಲ್ಲಿ ವಿವರಗಳೆಲ್ಲ ಇಂಗ್ಲಿಷಿನಲ್ಲಿಯೂ ಇರುವುದರಿಂದ ಕಾನೂನಿನ ತೊಡಕಿಲ್ಲ. ಆದರೂ ಕೆಲವು ಬಾಡಿಗೆ ಕಂಪನಿಗಳು ತಮ್ಮದೇ ನಿಯಮದಂತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಕೇಳುವುದುಂಟು. ನಿಮ್ಮ ಆರ್‌ಟಿಒ ಕಚೇರಿಯಿಂದ ಅದನ್ನು ಪಡೆದಿಟ್ಟುಕೊಂಡರೆ ಕೌಂಟರಿನಲ್ಲಿ ವಾದ ಮಾಡುವ ಪ್ರಮೇಯ ಬರುವುದಿಲ್ಲ. ಠೇವಣಿಗಾಗಿ ಕ್ರೆಡಿಟ್ ಕಾರ್ಡ್ ಚಾಲಕನ ಹೆಸರಿನಲ್ಲಿಯೇ ಇರಬೇಕಾಗುತ್ತದೆ. ಆಟೋಮ್ಯಾಟಿಕ್ ಕಾರು ಬೇಕೆಂದರೆ ಮೊದಲೇ ಕಾದಿರಿಸಿ. ಲಂಡನ್ನಿಗೆ ಹೋಗಿ ಕಾರು ತರುವ ಅಗತ್ಯವಿಲ್ಲ. ರೆಡಿಂಗ್‌ನಲ್ಲಿಯೇ ತೆಗೆದುಕೊಂಡರೆ ಲಂಡನ್ ನಗರದ ಪ್ರವೇಶ ಶುಲ್ಕಗಳ ಗೋಜೂ ಇರುವುದಿಲ್ಲ. ನಾಲ್ವರು ದೊಡ್ಡವರಿದ್ದೀರಿ ಎಂದು ಅಗಲವಾದ ಕಾರಿಗೆ ಆಸೆಪಡಬೇಡಿ. ಸಾಮಾನು ಹಿಡಿಸುವ ಅತಿ ಚಿಕ್ಕ ಕಾರೇ ಆ ದಾರಿಗಳಿಗೆ ಒಳ್ಳೆಯದು.

ಎಡಬದಿಯ ಸಂಚಾರ ನಮಗೆ ಹೊಸದಲ್ಲ, ಆದರೆ ಅದೇ ಸಲುಗೆ ಒಂದೆರಡು ಕಡೆ ಕೈಕೊಡುತ್ತದೆ. ಮೊದಲನೆಯದು ರೌಂಡ್‌ಅಬೌಟ್: ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಟ್ಟೇ ಒಳಗೆ ಹೋಗಬೇಕು, ಮೂಗು ತೂರಿಸಿ ಜಾಗ ಮಾಡಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಎರಡನೆಯದು ಹೆಡ್‌ಲೈಟ್. ನಮ್ಮಲ್ಲಿ ಎದುರಿನವನು ಡಿಮ್-ಡಿಪ್ ಮಾಡಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ತಿಳಿಯುತ್ತೇವೆ. ಅಲ್ಲಿನ ಹಳ್ಳಿದಾರಿಯಲ್ಲಿ ಅದೇ ಸನ್ನೆ ಬಹುಮಟ್ಟಿಗೆ ‘ನಾನು ನಿಂತಿದ್ದೇನೆ, ನೀವು ಬನ್ನಿ’ ಎಂಬ ಸೌಜನ್ಯ. ಹಾಗೆಂದು ಬೆಳಕೊಂದನ್ನೇ ನಂಬದೆ, ಎದುರಿನ ಕಾರು ನಿಜವಾಗಿಯೂ ನಿಂತಿದೆಯೇ ಎಂದು ನೋಡಿಕೊಂಡೇ ಮುಂದೆ ಹೋಗಬೇಕು.

ಮುಖ್ಯರಸ್ತೆ ಬಿಟ್ಟೊಡನೆ ಸಿಗುವ ಒಂಟಿ ಕಾರಿನ ಅಗಲದ ದಾರಿಗಳಿಗೆ ಪ್ರತ್ಯೇಕ ತಾಳ್ಮೆ ಬೇಕು. ಎರಡೂ ಬದಿಗೆ ಪೊದೆಬೇಲಿಯೋ ಕಲ್ಲುಗೋಡೆಯೋ ಇರುತ್ತದೆ, ಅಲ್ಲಲ್ಲಿ ದಾರಿ ಬಿಡಲೆಂದು ತುಸು ಅಗಲ ಮಾಡಿದ ಜಾಗವಿರುತ್ತದೆ. ಎದುರು ವಾಹನ ಬಂದಾಗ ಆ ಜಾಗಕ್ಕೆ ಹತ್ತಿರವಿರುವವರು ರಿವರ್ಸ್ ಹೋಗುವುದು ರೂಢಿ. ದಾಟುವಾಗ ಕೈಯೆತ್ತಿ ವಂದಿಸುವುದೂ ರೂಢಿ. ಫೋಟೋ ತೆಗೆಯಲೆಂದು ಆ ಜಾಗದಲ್ಲಿ ಕಾರು ನಿಲ್ಲಿಸುವುದು ದೊಡ್ಡ ಅಪಚಾರ. ಬಿಳಿ ವೃತ್ತದ ನಡುವೆ ಓರೆಯಾದ ಕಪ್ಪು ಪಟ್ಟಿ ಕಂಡರೆ ಇಂಥ ರಸ್ತೆಯಲ್ಲಿ ಗರಿಷ್ಠ ಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್. ಅದು ಮಿತಿಯೇ ಹೊರತು ಆ ವೇಗದಲ್ಲಿ ಹೋಗಿ ಎಂಬ ಆಹ್ವಾನವಲ್ಲ. ತಿರುವುಗಳಲ್ಲಿ 25–30 ಮೈಲಿಯೇ ಹೆಚ್ಚು. ಊರೊಳಗೆ 30, ಕೆಲವೆಡೆ 20 ಮೈಲಿ. ಕುದುರೆ ಸವಾರರು ಎದುರಾದರೆ 10 ಮೈಲಿಗೆ ಇಳಿದು, ಎರಡು ಮೀಟರಾದರೂ ಅಂತರ ಬಿಟ್ಟು ದಾಟಬೇಕು. ಹಾರ್ನ್ ಅಂತೂ ಮಾಡಲೇಬಾರದು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಬಿಡುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ವಾಸ್ತವ್ಯಕ್ಕೆ ಎರಡೂ ರಾತ್ರಿ ಒಂದೇ ಊರು ಸಾಕು, ಅದು ಮೊರೆಟನ್-ಇನ್-ಮಾರ್ಷ್ ಆಗಲಿ. ಸ್ಟೋ-ಆನ್-ದ-ವೋಲ್ಡ್ ಅಥವಾ ಚಿಪ್ಪಿಂಗ್ ಕ್ಯಾಂಪ್ಡನ್‌ನಷ್ಟು ಚೆಲುವು ಇದಕ್ಕಿಲ್ಲ, ನಿಜ. ಆದರೆ ಊರು ಸಮತಟ್ಟಾಗಿದೆ, ರಸ್ತೆ ಅಗಲವಾಗಿದೆ, ಅಂಗಡಿಗಳು ಕಾಲ್ನಡಿಗೆಯ ದೂರದಲ್ಲಿವೆ, ರೈಲು ನಿಲ್ದಾಣವೂ ಇದೆ. ವಯಸ್ಸಾದವರೊಂದಿಗೆ ಹೋಗುವವರಿಗೆ ಇವೇ ಮುಖ್ಯ. ಹಳೆಯ ವಸತಿಗೃಹಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲುಗಳು ಕಿರಿದು, ತೊಲೆಗಳು ತಲೆಗೆ ತಾಗುವಷ್ಟು ತಗ್ಗು. ಆದ್ದರಿಂದ ಕಾದಿರಿಸುವಾಗಲೇ ನೆಲಮಹಡಿಯ ಕೋಣೆ ಕೇಳಿಕೊಳ್ಳಿ. ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ನಡುವೆ ಹೋಗಿ. ಮಂಗಳವಾರ ಈ ಊರಿನಲ್ಲಿ ಸಂತೆ ನೆರೆಯುವುದರಿಂದ ಅಂದು ಹಗಲು ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ಮೊದಲ ದಿನ ರೆಡಿಂಗ್‌ನಿಂದ ಬೆಳಿಗ್ಗೆ ಹೊರಟು, ಆಕ್ಸ್‌ಫರ್ಡ್ ನಗರದೊಳಗೆ ಹೋಗದೆ ಹೊರವರ್ತುಲದಿಂದಲೇ ಎ40 ರಸ್ತೆ ಹಿಡಿದು ಬರ್ಫರ್ಡ್ ತಲುಪಿ. ಇಳಿಜಾರಿನ ಹೈ ಸ್ಟ್ರೀಟ್ ವಿಂಡ್‌ರಷ್ ನದಿಯ ಹಳೆಯ ಕಲ್ಲುಸೇತುವೆಯವರೆಗೆ ಇಳಿಯುತ್ತದೆ. ಹತ್ತಿ ಇಳಿಯುವ ಶ್ರಮ ಬೇಡವೆಂದರೆ ಕೆಳಗಿನ ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ನೇರವಾಗಿ ಸೇಂಟ್ ಜಾನ್ ಚರ್ಚಿಗೆ ಹೋಗಿ. 1649ರ ಮೇ ತಿಂಗಳಲ್ಲಿ, ಸಮಾನ ಹಕ್ಕು ಮತ್ತು ಬಾಕಿ ಸಂಬಳ ಕೇಳಿ ದಂಗೆಯೆದ್ದ ಲೆವೆಲರ್ ಪಂಥದ ಸುಮಾರು ಮುನ್ನೂರು ನಲವತ್ತು ಸೈನಿಕರನ್ನು ಅವರ ಸೇನಾನಾಯಕ ಕ್ರಾಮ್‌ವೆಲ್ ಇದೇ ಚರ್ಚಿನೊಳಗೆ ಕೂಡಿಹಾಕಿ, ಅವರಲ್ಲಿ ಮೂವರನ್ನು ಅಂಗಳದಲ್ಲಿ ಗುಂಡಿಟ್ಟು ಕೊಲ್ಲಿಸಿದನು. ದೀಕ್ಷಾಸ್ನಾನದ ತೊಟ್ಟಿಯ ಸೀಸದ ಅಂಚಿನ ಮೇಲೆ ಆಂಟನಿ ಸೆಡ್ಲಿ ಎಂಬ ಕೈದಿ ತನ್ನ ಹೆಸರು, ಇಸವಿ ಮತ್ತು ‘ಕೈದಿ’ ಎಂಬ ಪದವನ್ನು ತಪ್ಪು ಕಾಗುಣಿತದಲ್ಲಿ ಕೊರೆದಿದ್ದಾನೆ. ಅಕ್ಷರಗಳು ಅಂಕುಡೊಂಕು, ಸಾಲು ಓರೆ. ಮುಂದೇನಾಗುವುದೋ ತಿಳಿಯದ ಮನುಷ್ಯನ ಕೈಬರಹ ಅದು. ಹಳೆಯ ಕಟ್ಟಡಗಳಲ್ಲಿ ಆಸಕ್ತಿಯಿಲ್ಲದವರೂ ಅದರ ಮುಂದೆ ನಿಲ್ಲುವುದನ್ನು ಕಂಡಿದ್ದೇನೆ.

ಅಲ್ಲಿಂದ ನಾರ್ತ್‌ಲೀಚ್‌ಗೆ ಎ40ರಲ್ಲಿಯೇ ಹೋದರೆ ಸುಮಾರು ಒಂಬತ್ತು ಮೈಲಿ. ಚಾಲನೆ ಕೈಗೆ ಹತ್ತಿದ್ದರೆ ವಿಂಡ್‌ರಷ್ ಮತ್ತು ಶೆರ್‌ಬೋರ್ನ್ ಹಳ್ಳಿಗಳ ಒಳದಾರಿ ಹಿಡಿಯಿರಿ. ವಿಂಚ್‌ಕೂಂಬ್ ಮಠದವರು ತಮ್ಮ ಕುರಿಗಳನ್ನು ತೊಳೆದು ಉಣ್ಣೆ ಕತ್ತರಿಸುತ್ತಿದ್ದುದು ಈ ಶೆರ್‌ಬೋರ್ನ್‌ನಲ್ಲಿಯೇ. ಬದಿಯ ಗೋಡೆಗಳನ್ನು ಒಮ್ಮೆ ಇಳಿದು ಗಮನಿಸಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಇಂಥ ಗೋಡೆಗಳು ಈ ಪ್ರದೇಶದಲ್ಲಿ ಅಂದಾಜು 4,000 ಮೈಲಿ ಉದ್ದವಿವೆ. ಬುಡ ಅಗಲ, ತುದಿ ಕಿರಿದು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕಲ್ಲುಗಳನ್ನು ಮಲಗಿಸದೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ, ಅವುಗಳ ಭಾರದಿಂದಲೇ ಕೆಳಗಿನದನ್ನು ಹಿಡಿದಿಟ್ಟಿರುತ್ತಾರೆ.

ನಾರ್ತ್‌ಲೀಚ್ ನಿಮ್ಮ ಪಟ್ಟಿಯಲ್ಲಿಲ್ಲ. ನನ್ನನ್ನು ಕೇಳಿದರೆ, ಒಂದೇ ಊರು ನೋಡುವಷ್ಟು ಸಮಯವಿದ್ದರೆ ನೋಡಬೇಕಾದದ್ದು ಇದೇ. ಹದಿನೈದನೆಯ ಶತಮಾನದಲ್ಲಿ ಲಂಡನ್ನಿನ ಸೀಲಿ ಕುಟುಂಬದ ವರ್ತಕರು ಇಲ್ಲಿನ ವಿಲಿಯಂ ಮಿಡ್‌ವಿಂಟರ್ ಎಂಬ ವ್ಯಾಪಾರಿಯಿಂದ ಉಣ್ಣೆ ಕೊಂಡು ಕ್ಯಾಲೆ ಬಂದರಿನ ಮೂಲಕ ಹೊರದೇಶಕ್ಕೆ ಮಾರುತ್ತಿದ್ದರು. ಬೆಲೆ, ಸಾಲ, ಬಾಕಿಗಳ ಬಗ್ಗೆ ಅವರು ಬರೆದ ಪತ್ರಗಳು ಇಂದಿಗೂ ಉಳಿದಿವೆ. ಅಂಥವರ ಹಣದಿಂದ ಎದ್ದ ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚಿನೊಳಗೆ ಹೋಗಿ ಮೊದಲು ಮೇಲೆ ನೋಡಿ: ಸಾಲುಕಂಬಗಳ ಮೇಲೆ ಗೋಡೆಯನ್ನು ಎತ್ತರಿಸಿ ಉದ್ದಕ್ಕೂ ಕಿಟಕಿಗಳನ್ನು ಇಟ್ಟಿರುವುದರಿಂದ ಕಲ್ಲಿನ ಕಟ್ಟಡವೆಂದರೆ ಕತ್ತಲೆ ಎಂಬ ಎಣಿಕೆ ಸುಳ್ಳಾಗುತ್ತದೆ. ಅದನ್ನು ಹೀಗೆ ಎತ್ತರಿಸಿ ಕಟ್ಟಲು ಹಣ ಬಿಟ್ಟುಹೋದ ಜಾನ್ ಫೋರ್ಟಿ 1458ರಲ್ಲಿ ತೀರಿಕೊಂಡನು. ಬಳಿಕ ನೆಲ ನೋಡಿ. ಅವನ ಸಮಾಧಿಯ ಮೇಲಿನ ಹಿತ್ತಾಳೆಯ ಫಲಕದಲ್ಲಿ ಉದ್ದ ನಿಲುವಂಗಿ ತೊಟ್ಟು ಕೈಮುಗಿದು ನಿಂತ ಅವನ ಒಂದು ಪಾದ ಕುರಿಯ ಮೇಲಿದೆ, ಇನ್ನೊಂದು ಉಣ್ಣೆ ಮೂಟೆಯ ಮೇಲಿದೆ. ವೀರನ ಪಾದದಡಿ ಸಿಂಹವನ್ನು ಕೆತ್ತುತ್ತಿದ್ದ ಕಾಲದಲ್ಲಿ ತನ್ನ ಸಂಪತ್ತು ಬಂದದ್ದು ಎಲ್ಲಿಂದ ಎಂಬುದನ್ನು ಇಷ್ಟು ನೇರವಾಗಿ ಹೇಳಿಕೊಂಡ ವ್ಯಾಪಾರಿಯ ಬಗ್ಗೆ ನನಗೆ ಗೌರವವಿದೆ.

ಬೈಬರಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಹಗಲಿನಲ್ಲಿ ಅಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆಯನ್ನು ಆ ಪುಟ್ಟ ಊರು ತಾಳಲಾರದಾಗಿದೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆ ದಾಟಿದ ಮೇಲಾದ್ದರಿಂದ ಆರರ ನಂತರ ಹೋದರೂ ಬೆಳಕಿಗೆ ಕೊರತೆಯಿಲ್ಲ. ವಿಡಿಯೊಗಳಲ್ಲೆಲ್ಲ ಬರುವ ಆರ್ಲಿಂಗ್ಟನ್ ರೋ ಮನೆಸಾಲು ಸುಮಾರು 1380ರಲ್ಲಿ ಉಣ್ಣೆಯ ಉಗ್ರಾಣವಾಗಿ ಕಟ್ಟಲ್ಪಟ್ಟು, ಹದಿನೇಳನೆಯ ಶತಮಾನದಲ್ಲಿ ನೇಕಾರರ ವಾಸದ ಮನೆಗಳಾಯಿತು. ಎದುರಿನ ಜೌಗು ಹುಲ್ಲುಗಾವಲಿನಲ್ಲಿ ಚೌಕಟ್ಟುಗಳನ್ನು ನೆಟ್ಟು ಬಟ್ಟೆ ಒಣಹಾಕುತ್ತಿದ್ದರು. ಇಲ್ಲಿ ನೋಡಬೇಕಾದದ್ದು ಮಾಡು. ಸೂರಿನ ಬಳಿ ದೊಡ್ಡ ದೊಡ್ಡ ಕಲ್ಲಿನ ಬಿಲ್ಲೆಗಳು, ಮೇಲೆ ಹೋದಂತೆ ಚಿಕ್ಕವು, ತುದಿಯಲ್ಲಿ ಅಂಗೈಯಗಲದವು. ಗಣಿಯಿಂದ ತೆಗೆದ ಕಲ್ಲನ್ನು ಚಳಿಗಾಲದ ಹಿಮಕ್ಕೆ ಬಿಟ್ಟು, ಅದು ಪದರಪದರವಾಗಿ ಸೀಳಿದ ಮೇಲೆ ತೂತು ಕೊರೆದು ಓಕ್ ಮರದ ಗೂಟದಿಂದ ರೀಪಿಗೆ ತೂಗುಹಾಕುತ್ತಿದ್ದರು. ಈ ಕಲ್ಲು ಒರಟು, ನೀರನ್ನು ಹೀರುವ ಗುಣದ್ದು. ಮಳೆ ನಿಲ್ಲದೆ ಬೇಗ ಹರಿದುಹೋಗಲೆಂದೇ ಮಾಡನ್ನು ಇಷ್ಟು ಕಡಿದಾಗಿ ಕಟ್ಟಿದ್ದಾರೆ. ಆ ಮನೆಗಳಲ್ಲಿ ಈಗಲೂ ಬಾಡಿಗೆದಾರರು ವಾಸವಾಗಿದ್ದಾರೆ, ಆದ್ದರಿಂದ ಕಿಟಕಿಯೊಳಗೆ ಇಣುಕುವುದು, ಜಗಲಿಯ ಮೇಲೆ ಕೂರುವುದು ಬೇಡ.

ಎರಡನೆಯ ದಿನ ಬೆಳಿಗ್ಗೆ ಚಿಪ್ಪಿಂಗ್ ಕ್ಯಾಂಪ್ಡನ್. ಇಲ್ಲಿನ ಕಲ್ಲಿಗೆ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಬಣ್ಣ ಬೈಬರಿಗಿಂತ ಗಾಢ. ಬಾಗಿದ ಹೈ ಸ್ಟ್ರೀಟ್‌ನಲ್ಲಿ ವಿಲಿಯಂ ಗ್ರೆವೆಲ್‌ನ ಮನೆ ಇದೆ. 1401ರಲ್ಲಿ ತೀರಿಕೊಂಡ ಈತನನ್ನು ಚರ್ಚಿನ ಫಲಕ ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರ ಕುಸುಮ ಎಂದು ಲ್ಯಾಟಿನ್ನಿನಲ್ಲಿ ಹೊಗಳುತ್ತದೆ. ರಸ್ತೆಯ ನಡುವಿನ ಮಾರುಕಟ್ಟೆ ಮಂಟಪವನ್ನು ಬೆಣ್ಣೆ, ಗಿಣ್ಣು, ಕೋಳಿ ಮಾರುವವರಿಗೆಂದು 1627ರಲ್ಲಿ ಕಟ್ಟಿಸಿದವನು ಲಂಡನ್ನಿನ ರೇಷ್ಮೆ ವ್ಯಾಪಾರಿ ಬ್ಯಾಪ್ಟಿಸ್ಟ್ ಹಿಕ್ಸ್. ಅದರ ಕಲ್ಲುಹಾಸು ಸವೆದು ಏರುತಗ್ಗಾಗಿದೆ, ಅಮ್ಮನವರು ಕೈಹಿಡಿದು ನಡೆಯಲಿ. ಪಾಳುಬಿದ್ದಂತಾಗಿದ್ದ ಈ ಊರಿಗೆ 1902ರಲ್ಲಿ ಸಿ. ಆರ್. ಆಶ್‌ಬಿ ಪೂರ್ವ ಲಂಡನ್ನಿನಿಂದ ತನ್ನ ಕುಶಲಕರ್ಮಿಗಳ ಸಂಘವನ್ನೇ ಸಂಸಾರ ಸಮೇತ ಕರೆತಂದನು. ಸಂಘ ಕೆಲವೇ ವರ್ಷಗಳಲ್ಲಿ ಮುಚ್ಚಿತು, ಆದರೆ ಹಳೆಯ ರೇಷ್ಮೆ ಗಿರಣಿಯ ಮಹಡಿಯಲ್ಲಿ ಅದೇ ಪರಂಪರೆಯ ಬೆಳ್ಳಿ ಕೆಲಸಗಾರರು ಇಂದಿಗೂ ಸುತ್ತಿಗೆ ಹಿಡಿದು ಕುಳಿತಿರುತ್ತಾರೆ. ಸಮೀಪದ ಬ್ರಾಡ್‌ವೇ ಟವರ್‌ಗೆ ಕಾರಿನಲ್ಲಿಯೇ ಹೋಗಬಹುದು. ಒಳಗಿನ ಸುತ್ತುಮೆಟ್ಟಿಲು ಹಿರಿಯರಿಗೆ ಬೇಡ, ದಿಬ್ಬದ ಮೇಲಿನ ನೋಟವೇ ಸಾಕು.

ಮಧ್ಯಾಹ್ನ ಮೊರೆಟನ್ ಬಳಿಯ ಸೆಝಿನ್‌ಕೋಟ್‌ಗೆ ಹೋಗಿ. ಇದು ಉಣ್ಣೆಯ ಕಥೆಯಲ್ಲ, ನಮ್ಮ ದೇಶದಿಂದ ಹೋದ ಹಣದ ಕಥೆ. ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಬಂಗಾಳದಲ್ಲಿ ಗಳಿಸಿ ಬಂದ ಚಾರ್ಲ್ಸ್ ಕಾಕೆರೆಲ್‌ಗೆ ಅವನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕೆರೆಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಕೊಟ್ಟ ಮನೆಯಿದು. ಅದೇ ಜೇನುಬಣ್ಣದ ಕಲ್ಲಿನ ಮೇಲೆ ಮೊಗಲ್ ಮಾದರಿಯ ತಾಮ್ರದ ಗುಮ್ಮಟ, ಮೂಲೆಗಳಲ್ಲಿ ಛತ್ರಿಗಳು. ಭಾರತವನ್ನು ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್‌ನ ಸಲಹೆಯಿದ್ದ ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ಕಾಲು ಮಡಚಿ ಕುಳಿತ ಬಸವಗಳು. ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ ಬೆಳೆದ ನಿಮ್ಮ ತಂದೆಯವರು ಇವುಗಳನ್ನು ಕಂಡು ಏನೆನ್ನುವರೋ ಎಂಬ ಕುತೂಹಲ ನನಗಿದೆ. ಇದು ಖಾಸಗಿ ಮನೆ, ವಾರದ ಕೆಲವು ಮಧ್ಯಾಹ್ನ ಮಾತ್ರ ತೆರೆದಿರುತ್ತದೆ. ಆ ವರ್ಷದ ದಿನಗಳನ್ನು ಮೊದಲು ನೋಡಿಕೊಂಡು ಉಳಿದ ಪ್ರಯಾಣವನ್ನು ಅದಕ್ಕೆ ಹೊಂದಿಸಿ. ಅಲ್ಲಿಂದ ಅನತಿದೂರದ ಡೇಲ್ಸ್‌ಫರ್ಡ್ ಚರ್ಚಿನ ಅಂಗಳದಲ್ಲಿ 1818ರಲ್ಲಿ ತೀರಿಕೊಂಡ ವಾರನ್ ಹೇಸ್ಟಿಂಗ್ಸ್‌ನ ಸಮಾಧಿಯಿದೆ. ಹೈದರಾಲಿ ಮತ್ತು ಟಿಪ್ಪುವಿನೊಡನೆ ನಡೆದ ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ಗವರ್ನರ್ ಜನರಲ್ ಆಗಿದ್ದವನು ಈತನೇ. ಆ ಯುದ್ಧವನ್ನು ಮುಗಿಸಿದ 1784ರ ಮಂಗಳೂರು ಒಪ್ಪಂದ ಅವನಿಗೆ ಕೊನೆಯವರೆಗೂ ರುಚಿಸಲಿಲ್ಲ. ಮೈಸೂರಿನವರಾದ ನಿಮಗೆ ಈ ಸಣ್ಣ ಸುತ್ತುದಾರಿ ವ್ಯರ್ಥವೆನಿಸದು.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ, ಎಚ್ಚರ ಬೇಕು. ಹಳ್ಳಿಯ ಪಬ್‌ಗಳು ಕುಟುಂಬದವರು ಕುಳಿತು ಉಣ್ಣುವ ಜಾಗಗಳೇ, ಮದ್ಯ ಕುಡಿಯಲೇಬೇಕೆಂದಿಲ್ಲ. ಆದರೆ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬಹಳಷ್ಟು ಅಡುಗೆಮನೆಗಳು ಮುಚ್ಚಿ ಮತ್ತೆ ತೆರೆಯುವುದು ಸಂಜೆ ಆರಕ್ಕೆ. ಮೆನುವಿನಲ್ಲಿ ಸಸ್ಯಾಹಾರದ ಗುರುತಿದ್ದರೂ ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ಬಿಡಿಸಿ ಕೇಳಬೇಕು. ಆಲೂಗಡ್ಡೆಯ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲಿಯೇ ಕರಿಯುವುದುಂಟು, ಕೆಲವು ಗಿಣ್ಣುಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸಿರುತ್ತಾರೆ. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಮತ್ತು ಬೀನ್ಸ್ ಹಾಕಿ ಕೊಡುವ ಸರಳ ತಿನಿಸು ಬಹುತೇಕ ಟೀ ಅಂಗಡಿಗಳಲ್ಲಿ ಸಿಗುತ್ತದೆ. ತಂಗಿಯ ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಸಮಸ್ಯೆಯೇ ಇರದು.

ಮೂರನೆಯ ದಿನ ಬೆಳಿಗ್ಗೆ ಬೇಗ ಲೋವರ್ ಸ್ಲಾಟರ್‌ಗೆ ಹೋಗಿ, ಹೊಳೆಯ ದಂಡೆಯಲ್ಲಿ ಹಳೆಯ ಹಿಟ್ಟಿನ ಗಿರಣಿಯವರೆಗೆ ನಡೆಯಿರಿ, ದಾರಿ ಸಮತಟ್ಟು. ಪಕ್ಕದ ಅಪ್ಪರ್ ಸ್ಲಾಟರ್‌ಗೆ ಸುಮಾರು ಒಂದು ಮೈಲಿ. ಎರಡು ಮಹಾಯುದ್ಧಗಳಿಗೂ ಇಲ್ಲಿಂದ ಹೋದವರೆಲ್ಲ ಜೀವಂತ ಮರಳಿದರು. ಇಂಗ್ಲೆಂಡಿನ ಊರೂರಿನಲ್ಲಿಯೂ ಕಾಣುವ ಯುದ್ಧ ಸ್ಮಾರಕದ ಮೇಲಿನ ಮಡಿದವರ ಹೆಸರಿನ ಸಾಲು ಇಲ್ಲಿಲ್ಲ. ಬೋರ್ಟನ್-ಆನ್-ದ-ವಾಟರ್ ಅನ್ನು ಬಿಟ್ಟರೂ ನಷ್ಟವಿಲ್ಲ: ತಗ್ಗು ಸೇತುವೆಗಳು ಚೆನ್ನಾಗಿಯೇ ಇವೆ, ಆದರೆ ಐಸ್‌ಕ್ರೀಮಿನ ಸರತಿ ಅವಕ್ಕಿಂತ ಉದ್ದವಿರುತ್ತದೆ. ಕಾಸಲ್ ಕೂಂಬ್‌ಗೆ ಗುಡ್ಡದ ಮೇಲಿನ ಕಾರ್ ಪಾರ್ಕಿನಿಂದ ಕಡಿದಾದ ರಸ್ತೆಯಲ್ಲಿ ಇಳಿದು ಹತ್ತಬೇಕಾದ್ದರಿಂದ ಈ ಬಾರಿ ಅದೂ ಬೇಡ.

ಬದಲಿಗೆ ಎ429 ಹಿಡಿದು ದಕ್ಷಿಣಕ್ಕೆ ಹೊರಡಿ. ಸೈರನ್ಸೆಸ್ಟರ್‌ವರೆಗೆ ಈ ರಸ್ತೆ ಎಕ್ಸೆಟರ್‌ನಿಂದ ಲಿಂಕನ್‌ಗೆ ರೋಮನ್ನರು ಹಾಕಿದ ಫಾಸ್ ವೇ ಮಾರ್ಗದ ಮೇಲೆಯೇ ಇದೆ. ಅದು ಅಷ್ಟು ನೇರವಾಗಿರುವುದು ಅದಕ್ಕೇ. ಮಾಮ್ಸ್‌ಬರಿ ದಾಟಿ ಎಂ4 ಹೆದ್ದಾರಿಯ 17ನೆಯ ಜಂಕ್ಷನ್, ಅಲ್ಲಿಂದ ಚಿಪ್ಪನಮ್ ಆಚೆ ಲೇಕಾಕ್. ಇದೂ ಉಣ್ಣೆಯಿಂದ ಬೆಳೆದ ಊರು, ಆದರೆ ಉಳಿದ ಬಗೆ ಬೇರೆ: ಇಡೀ ಹಳ್ಳಿ ತಲೆಮಾರುಗಳವರೆಗೆ ಒಂದೇ ಟಾಲ್ಬಟ್ ಕುಟುಂಬದ ಒಡೆತನದಲ್ಲಿದ್ದು, 1944ರಲ್ಲಿ ಮಟಿಲ್ಡಾ ಟಾಲ್ಬಟ್ ಅದನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನ ಮಾಡಿದರು. ಬೀದಿಗಳಲ್ಲಿ ವಿದ್ಯುತ್ ತಂತಿ, ಟಿವಿ ಆಂಟೆನಾ ಕಾಣದಂತೆ ಕಾಪಾಡಿದ್ದಾರೆ. ಹದಿಮೂರನೆಯ ಶತಮಾನದ ಸನ್ಯಾಸಿನಿಯರ ಮಠವಾಗಿದ್ದ ‘ಲೇಕಾಕ್ ಅಬ್ಬಿ’ ಕಟ್ಟಡದ ಒಂದು ಕಿಟಕಿಯನ್ನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಹಿಡಿದನು. ಉಳಿದಿರುವ ಛಾಯಾಚಿತ್ರದ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಆ ಕಿಟಕಿ ಈಗಲೂ ಅಲ್ಲಿಯೇ ಇದೆ, ಅದರ ಮುಂದೆ ನಿಂತು ನೀವೂ ಒಂದು ಫೋಟೋ ತೆಗೆಯಬಹುದು.

ಮಧ್ಯಾಹ್ನ ಮೂರೂವರೆಯೊಳಗೆ ಲೇಕಾಕ್ ಬಿಟ್ಟರೆ ಸಂಜೆಯ ದಟ್ಟಣೆಗೆ ಮೊದಲು ಎಂ4 ಸೇರಿಕೊಳ್ಳಬಹುದು, ಅಲ್ಲಿಂದ ರೆಡಿಂಗ್ ಒಂದು ಗಂಟೆಗಿಂತ ತುಸು ಹೆಚ್ಚಿನ ದಾರಿ. ಕಾರನ್ನು ಹಿಂದಿರುಗಿಸುವ ಮೊದಲು ಊರೊಳಗಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಪೈಪನ್ನು ನೀವೇ ಹಿಡಿಯಬೇಕು. ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಹಿಡಿಕೆ ಡೀಸೆಲ್.